ಲಿನಕ್ಸ್‌ನಲ್ಲಿ ಆಟ ಆಡಬಹುದೇ? ಆಡಬಹುದು!



ಫಲಕಗಳ ಮೇಲೆ ಅಲ್ ಜಾಹಿಯಾ ಎಂದು ಬರೆದು ವರ್ಷಗಳೇ ಕಳೆದರೂ ನಮ್ಮ ಬಾಯಲ್ಲಿ ಅದು ಇನ್ನೂ ಟೂರಿಸ್ಟ್ ಕ್ಲಬ್ ಏರಿಯಾವೇ. ಜುಲೈ-ಆಗಸ್ಟ್ ರಜೆಯಲ್ಲಿ ಊರಿಗೆ ಹೋಗದ ಮಕ್ಕಳು ಇಲ್ಲಿನ ಫ್ಲಾಟ್‌ಗಳಲ್ಲಿ ಹೇಗೆ ಹೊತ್ತು ಕಳೆಯುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ. ಹೊರಗೆ 45 ಡಿಗ್ರಿ ಬಿಸಿಲು, ಒಳಗೆ ಎ.ಸಿ. ಮತ್ತು ಕಂಪ್ಯೂಟರ್ ಆಟ.

ಈಗ ಆ ಕಂಪ್ಯೂಟರಿಗೇ ಒಂದು ಸಂಕಟ ಬಂದಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಚಿಪ್ ಬೇಕು, ಹೊಸ ಪೀಳಿಗೆಯ ಪ್ರೊಸೆಸರ್ ಬೇಕು ಎನ್ನುತ್ತದೆ. ಚೆನ್ನಾಗಿಯೇ ಓಡುತ್ತಿರುವ ಲ್ಯಾಪ್‌ಟಾಪನ್ನು ಬಿಸಾಕಿ ಹೊಸದಕ್ಕೆ ಎರಡು ಸಾವಿರ ದಿರ್ಹಮ್ ತೆಗೆದಿಡಬೇಕೇ? ಲಿನಕ್ಸ್ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಮಕ್ಕಳು ಕೇಳುವ ಮೊದಲ ಪ್ರಶ್ನೆ, "ಅದರಲ್ಲಿ ಗೇಮ್ಸ್ ಬರತ್ತಾ?" ಹತ್ತು ವರ್ಷದ ಹಿಂದಾಗಿದ್ದರೆ "ಕಷ್ಟ" ಎನ್ನಬೇಕಿತ್ತು. ಇಂದಿನ ಉತ್ತರ ಬೇರೆ. ಅದು ಹೇಗೆ ಬದಲಾಯಿತು ಎಂದು ನೋಡೋಣ.

ಮುಕ್ತ ತಂತ್ರಾಂಶ ಎಂದರೇನು?

ಗಲ್ಫ್‌ನಿಂದ ಮನೆ ಖಾಲಿ ಮಾಡಿ ಊರಿಗೆ ಹೊರಡುವವರು ಕುಕ್ಕರ್, ಸೋಫಾ, ಮಕ್ಕಳ ಸೈಕಲ್ಲುಗಳನ್ನು ಹೊಸದಾಗಿ ಬಂದವರಿಗೆ ಕೊಟ್ಟು ಹೋಗುವುದು ನಮಗೆಲ್ಲ ಗೊತ್ತಿರುವ ರೂಢಿ. ಮುಕ್ತ ತಂತ್ರಾಂಶವೂ ಹೀಗೆಯೇ ಕೈಯಿಂದ ಕೈಗೆ ದಾಟುತ್ತದೆ. ಒಂದೇ ವ್ಯತ್ಯಾಸ, ಕೊಟ್ಟವರ ಬಳಿಯೂ ಅದು ಉಳಿಯುತ್ತದೆ. ತಂತ್ರಾಂಶವನ್ನು ಬರೆದವರು ಅದರ ಮೂಲ ಸಂಕೇತವನ್ನೂ, ಅಂದರೆ ಸೋರ್ಸ್ ಕೋಡನ್ನೂ, ಎಲ್ಲರಿಗೂ ಕೊಡುತ್ತಾರೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಇಂಥ ತಂತ್ರಾಂಶಗಳಿಗಾಗಿ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ಬರೆದು ಹಂಚಿದರು.

ವೈನ್ ಎಂಬ ಟೈಪಿಂಗ್ ಸೆಂಟರ್

ಹೆಚ್ಚಿನ ಆಟಗಳನ್ನು ಬರೆದಿರುವುದು ವಿಂಡೋಸ್‌ಗಾಗಿ. "ಈ ಫೈಲ್ ತೆರೆ, ಈ ಶಬ್ದ ಕೇಳಿಸು, ಇಲ್ಲೊಂದು ಚಿತ್ರ ಬಿಡಿಸು" ಎಂದು ಆಟ ಕೇಳುವುದು ವಿಂಡೋಸ್‌ನ ಭಾಷೆಯಲ್ಲಿ. ಲಿನಕ್ಸ್‌ಗೆ ಆ ಭಾಷೆ ಬಾರದು. ನಮಗೆ ಅರಬ್ಬಿ ಬಾರದಿದ್ದಾಗ ಏನು ಮಾಡುತ್ತೇವೆ? ಟೈಪಿಂಗ್ ಸೆಂಟರಿಗೆ ಹೋಗುತ್ತೇವೆ. ನಮಗೆ ಬರುವ ಭಾಷೆಯಲ್ಲಿ ಹೇಳಿದ್ದನ್ನು ಅವರು ಅರಬ್ಬಿ ಅರ್ಜಿಯಾಗಿ ಟೈಪ್ ಮಾಡಿಕೊಡುತ್ತಾರೆ, ಕಚೇರಿಯಲ್ಲಿ ಕೆಲಸ ಆಗುತ್ತದೆ. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ ತಂತ್ರಾಂಶದ ಹೆಸರು ವೈನ್. ಅದು ವಿಂಡೋಸನ್ನು ಒಳಗೆ ಇಟ್ಟುಕೊಂಡಿಲ್ಲ. ವಿಂಡೋಸ್‌ಗೆ ಬರುವ ಪ್ರತಿಯೊಂದು ಕೋರಿಕೆಯನ್ನೂ ಲಿನಕ್ಸ್‌ಗೆ ತಿಳಿಯುವಂತೆ ಮಾಡಿಕೊಡುತ್ತದೆ, ಅಷ್ಟೇ.

ವೈನ್ ಕೆಲಸ ಶುರುವಾದದ್ದು 1993ರಲ್ಲಿ. ಮೈಕ್ರೋಸಾಫ್ಟ್‌ನ ಕೋಡ್ ನೋಡದೆಯೇ, ಒಂದೊಂದು ಕೋರಿಕೆಗೂ ಉತ್ತರವನ್ನು ಹೊಸದಾಗಿ ಬರೆಯಬೇಕಿತ್ತು. 1994ರಿಂದ ಅಲೆಕ್ಸಾಂದ್ರ್ ಜೂಲಿಯಾರ್ ಇದರ ಮುಂದಾಳು. ಆವೃತ್ತಿ 1.0 ಹೊರಬಂದದ್ದು 2008ರ ಜೂನ್‌ನಲ್ಲಿ. ಹದಿನೈದು ವರ್ಷದ ತಾಳ್ಮೆ!

ಆಟಗಳಲ್ಲಿ ಚಿತ್ರ ಬಿಡಿಸುವುದೇ ದೊಡ್ಡ ಕೆಲಸ. ವಿಂಡೋಸ್ ಆಟಗಳು ಅದಕ್ಕೆ ಡೈರೆಕ್ಟ್‌ಎಕ್ಸ್ ಬಳಸುತ್ತವೆ. 2016ರಲ್ಲಿ ವಲ್ಕನ್ ಎಂಬ ಮುಕ್ತ ಗ್ರಾಫಿಕ್ಸ್ ಮಾನದಂಡ ಬಂತು. ಎರಡು ವರ್ಷದಲ್ಲೇ ಫಿಲಿಪ್ ರೆಬೋಲೆ ಎಂಬ ಪ್ರೋಗ್ರಾಮರ್ ಡೈರೆಕ್ಟ್‌ಎಕ್ಸ್ ಆದೇಶಗಳನ್ನು ವಲ್ಕನ್‌ಗೆ ಬದಲಿಸುವ ಡಿಎಕ್ಸ್‌ವಿಕೆ ಬರೆದರು. ವಲ್ಕನ್‌ನ ಮಾತನ್ನು ಗ್ರಾಫಿಕ್ಸ್ ಚಿಪ್‌ಗೆ ಮುಟ್ಟಿಸಲು ಮೆಸಾ ಎಂಬ ಮುಕ್ತ ಡ್ರೈವರ್‌ಗಳು ಇವೆ. ಆಟದ ಅಂಗಡಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ, ಕೋಡ್‌ವೀವರ್ಸ್ ಜೊತೆ ಸೇರಿ, ವೈನ್ ಮತ್ತು ಡಿಎಕ್ಸ್‌ವಿಕೆ ಎರಡನ್ನೂ ಒಂದು ಕಟ್ಟಾಗಿ ಮಾಡಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಹೆಸರಿನಲ್ಲಿ ಕೊಟ್ಟಿತು. ಅಂದಿನಿಂದ ಸ್ಟೀಮ್‌ನಲ್ಲಿ ಕೊಂಡ ಸಾವಿರಾರು ವಿಂಡೋಸ್ ಆಟಗಳು ಲಿನಕ್ಸ್‌ನಲ್ಲಿ ಒಂದೇ ಕ್ಲಿಕ್ಕಿಗೆ ತೆರೆದುಕೊಳ್ಳುತ್ತಿವೆ. 2022ರ ಫೆಬ್ರವರಿಯಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ನ ಒಳಗಿರುವುದೂ ಲಿನಕ್ಸೇ.

ಸಂಸ್ಥೆ ಹೋದರೂ ಕೋಡ್ ಉಳಿಯಿತು

ಕೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರ ಎಂದಾಗ ನಮ್ಮ ಬೆಂಗಳೂರನ್ನು ನೆನೆಯದೆ ಇರಲಾಗದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಸಂಸ್ಥೆಯವರೂ ಸೇರಿ ರೂಪಿಸಿದ ಸಿಂಪ್ಯೂಟರ್ ನೆನಪಿದೆಯೇ? ಅದೂ ಲಿನಕ್ಸ್ ಮೇಲೆ ಓಡುತ್ತಿತ್ತು. 2004ರಲ್ಲಿ ಮಾರುಕಟ್ಟೆಗೆ ಬಂದ ಅಮಿಡಾ ಸಿಂಪ್ಯೂಟರ್‌ನಲ್ಲಿ ಸಾಧನವನ್ನು ಓರೆ ಮಾಡಿದ್ದನ್ನು ಗುರುತಿಸುವ ಸಂವೇದಕವೂ ಇತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ಗಮನಿಸಿ. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಮರೆಯಾಯಿತು. ಆದರೆ ಅದಕ್ಕಾಗಿ ಹುಟ್ಟಿದ, ಕನ್ನಡವನ್ನು ಓದಿ ಹೇಳುವ 'ಧ್ವನಿ' ತಂತ್ರಾಂಶ ಮುಕ್ತವಾಗಿದ್ದುದರಿಂದ ಬೇರೆಯವರು ಅದನ್ನು ಕೈಗೆತ್ತಿಕೊಂಡು ಬೆಳೆಸಿದರು.

ಆಟಗಳ ಲೋಕದಲ್ಲೂ ಹೀಗೇ ಆಯಿತು. 1998ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಲೋಕಿ ಸಾಫ್ಟ್‌ವೇರ್ ವಿಂಡೋಸ್ ಆಟಗಳನ್ನು ಲಿನಕ್ಸ್‌ಗೆ ತರಲು ಹೊರಟು 2002ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿದ್ದ ಸ್ಯಾಮ್ ಲಾಂಟಿಂಗಾ ಬರೆದ ಎಸ್‌ಡಿಎಲ್ ಎಂಬ ಮುಕ್ತ ಗ್ರಂಥಾಲಯ ಮಾತ್ರ ಮುಚ್ಚಲಿಲ್ಲ. ಕೀಲಿಮಣೆ, ಜಾಯ್‌ಸ್ಟಿಕ್, ಶಬ್ದ, ಪರದೆಗಳನ್ನು ಆಟಕ್ಕೆ ಜೋಡಿಸುವ ಆ ತಂತ್ರಾಂಶ ಇಂದಿಗೂ ಅಸಂಖ್ಯಾತ ಆಟಗಳ ಒಳಗಿದೆ. ಕಂಪನಿ ಮನಸ್ಸು ಬದಲಿಸಿದ ದಿನ ಮುಚ್ಚಿದ ತಂತ್ರಾಂಶದ ಕಥೆ ಮುಗಿಯುತ್ತದೆ. ವಿಂಡೋಸ್ 10ರಲ್ಲಿ ನಾವು ಕಂಡದ್ದು ಇದನ್ನೇ. ತೆರೆದಿಟ್ಟ ಕೋಡನ್ನು ಇನ್ನೊಬ್ಬರು ಮುಂದುವರಿಸಬಹುದು.

ಯಾವುದು ನಡೆಯುವುದಿಲ್ಲ?

ಮಕ್ಕಳಿಗೆ ಮೊದಲೇ ಹೇಳಿಬಿಡಿ: ಫೋರ್ಟ್‌ನೈಟ್ ಮತ್ತು ವ್ಯಾಲರಂಟ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಆನ್‌ಲೈನ್ ಆಟಗಳಲ್ಲಿ ಮೋಸ ಹಿಡಿಯಲು ಕಾವಲು ತಂತ್ರಾಂಶಗಳಿರುತ್ತವೆ. ಇವುಗಳಲ್ಲಿ ಕೆಲವು ವಿಂಡೋಸ್‌ನ ಒಳಮನೆಯಲ್ಲೇ ಕೂರುತ್ತವೆ, ಅಲ್ಲಿ ವೈನ್‌ನ ಅನುವಾದ ಸಾಲದು. ಲಿನಕ್ಸ್‌ಗೆ ಅವಕಾಶ ಕೊಡಬೇಕೋ ಬೇಡವೋ ಎಂದು ನಿರ್ಧರಿಸುವುದೂ ಆಟದ ಕಂಪನಿಯೇ. ಏಪೆಕ್ಸ್ ಲೆಜೆಂಡ್ಸ್ 2024ರಲ್ಲಿ ಆ ಅವಕಾಶವನ್ನು ಹಿಂದಕ್ಕೆ ಪಡೆಯಿತು. ಇನ್ನೊಂದು ಮಾತು, ಲಿನಕ್ಸ್ ಹಾಕಿದರೆ ಹಳೆಯ ಗ್ರಾಫಿಕ್ಸ್ ಚಿಪ್‌ಗೆ ಯೌವನ ಮರಳುವುದಿಲ್ಲ. ಹತ್ತು ವರ್ಷದ ಲ್ಯಾಪ್‌ಟಾಪಿನಲ್ಲಿ ಹೊಸ ಭಾರೀ ಆಟಗಳ ಆಸೆ ಬೇಡ. ಆದರೆ ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ, ಡೋಟಾ 2, ಕೌಂಟರ್-ಸ್ಟ್ರೈಕ್ 2 ಲಿನಕ್ಸ್‌ಗೆಂದೇ ಲಭ್ಯವಿವೆ.

ದುಡ್ಡಿಲ್ಲದ, ಜಾಹೀರಾತಿಲ್ಲದ ಆಟಗಳು

ಸ್ಟೀಮ್ ಖಾತೆ ತೆರೆಯಲು 13 ವರ್ಷ ತುಂಬಿರಬೇಕು. ಚಿಕ್ಕವರಿಗೆ ಇವು ಸಾಕು:

- ಜಿಕಾಂಪ್ರಿ: 2ರಿಂದ 10 ವರ್ಷದವರಿಗೆ. ಎಣಿಕೆ, ಅಕ್ಷರ, ಒಗಟುಗಳು ಸೇರಿ ನೂರಕ್ಕೂ ಹೆಚ್ಚು ಚಟುವಟಿಕೆಗಳು.
- ಟಕ್ಸ್ ಪೇಂಟ್: ಚಿತ್ರ ಬಿಡಿಸಲು. ಕನ್ನಡದಲ್ಲೂ ಇದೆ.
- ಸೂಪರ್‌ಟಕ್ಸ್‌ಕಾರ್ಟ್: ಲಿನಕ್ಸ್‌ನ ಪೆಂಗ್ವಿನ್ ಮತ್ತು ಗೆಳೆಯರ ಕಾರ್ ಪಂದ್ಯ.
- ಲುವಾಂಟಿ: 2024ರವರೆಗೆ ಮೈನ್‌ಟೆಸ್ಟ್ ಎಂಬ ಹೆಸರಿತ್ತು. ಲುವಾ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಮಕ್ಕಳೇ ಆಟವನ್ನು ಬದಲಿಸಬಹುದು.
- ಝೀರೋ ಎ.ಡಿ.: ದೊಡ್ಡ ಮಕ್ಕಳಿಗೆ, ಪ್ರಾಚೀನ ಸಾಮ್ರಾಜ್ಯಗಳ ಯುದ್ಧತಂತ್ರದ ಆಟ. ಇದರಲ್ಲಿ ಮೌರ್ಯರೂ ಇದ್ದಾರೆ, ಆನೆಗಳೂ ಇವೆ. ಅಶೋಕ, ಚಂದ್ರಗುಪ್ತ, ಚಾಣಕ್ಯರು ನಾಯಕರು. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಎಂದು ಆಡುವಾಗಲೇ ಹೇಳಿಕೊಡಿ.

ಪ್ರಯತ್ನಿಸುವುದು ಹೇಗೆ?

1. ಮೊದಲು ಫೋಟೋ, ಪಾಸ್‌ಪೋರ್ಟ್ ಪ್ರತಿ, ಶಾಲೆಯ ಕಡತಗಳನ್ನೆಲ್ಲ ಬೇರೆ ಡಿಸ್ಕ್‌ಗೆ ನಕಲು ಮಾಡಿಟ್ಟುಕೊಳ್ಳಿ.
2. ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ಉಚಿತವಾಗಿ ಇಳಿಸಿಕೊಂಡು 8 ಜಿಬಿ ಪೆನ್ ಡ್ರೈವ್‌ಗೆ ಹಾಕಿ. ಇದಕ್ಕೆ ಬಲೇನಾ ಎಚರ್‌ನಂಥ ತಂತ್ರಾಂಶ ಬಳಸಿ, ಸುಮ್ಮನೆ ಕಾಪಿ ಮಾಡಿದರೆ ಆಗದು.
3. ಪೆನ್ ಡ್ರೈವ್‌ನಿಂದಲೇ ಕಂಪ್ಯೂಟರ್ ಶುರು ಮಾಡಿ. ಇನ್‌ಸ್ಟಾಲ್ ಮಾಡದೆಯೇ ವೈಫೈ, ಶಬ್ದ, ಪರದೆ ಸರಿಯಿವೆಯೇ ನೋಡಿ. ಇಷ್ಟವಾಗದಿದ್ದರೆ ಪೆನ್ ಡ್ರೈವ್ ಕಿತ್ತರಾಯಿತು, ವಿಂಡೋಸ್ ಇದ್ದಲ್ಲೇ ಇರುತ್ತದೆ.
4. ಹಿಡಿಸಿದರೆ ಇನ್‌ಸ್ಟಾಲ್ ಮಾಡಿ, ಸ್ಟೀಮ್ ಹಾಕಿ, ಅದರ ಸೆಟ್ಟಿಂಗ್ಸ್‌ನಲ್ಲಿ ಪ್ರೋಟಾನ್ ಆಯ್ಕೆಯನ್ನು ನೋಡಿ.

ಅಪ್ಪ-ಅಮ್ಮಂದಿರಿಗೂ ಒಂದು ಲಾಭವಿದೆ. ನುಡಿಯಲ್ಲಿ ಕಲಿತ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುತ್ತದೆ. ಐಬಸ್‌ನ ಎಂ17ಎನ್ ಪೊಟ್ಟಣ ಹಾಕಿಕೊಂಡರೆ ಸಾಕು.

ಮನೆಯಲ್ಲಿ ಮೂಲೆ ಸೇರಿದ ಲ್ಯಾಪ್‌ಟಾಪ್ ಇದ್ದರೆ ಈ ವಾರಾಂತ್ಯ ಮಕ್ಕಳ ಜೊತೆ ಕುಳಿತು ಪ್ರಯತ್ನಿಸಿ. ಯಾವ ಆಟ ಓಡಿತು, ಯಾವುದು ಕೈಕೊಟ್ಟಿತು ಎಂದು ನಮಗೆ ಬರೆಯಿರಿ. ನಿಮ್ಮ ಪತ್ರ ಇನ್ನೊಂದು ಮನೆಯವರಿಗೆ ದಾರಿ ತೋರಿಸೀತು.