ಕಾಲು ಡಾಲರಿನ ದೊರೆ

ಆಟವನ್ನು ಆಡಿದವರ ಕೀರ್ತಿಯನ್ನು ಹಾಡಲು ಅನೇಕರಿದ್ದಾರೆ. ಆಡಿಸಿದವರ ಪಾಲಿಗೆ ಬಹುಮಟ್ಟಿಗೆ ಉಳಿಯುವುದು ಪರಿಹಾಸವೇ. ಅಮೆರಿಕನ್ನರ ನೆಚ್ಚಿನ ಆಟವಾದ ಬೇಸ್‌ಬಾಲಿನ ಪೂರ್ವಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುವುದು ಕ್ರಿಸ್ ವಾನ್ ಡರ್ ಆಹೆ ಎಂಬಾತನಿಂದ.

ಪ್ರಷ್ಯದ ವೆಸ್ಟ್‌ಫೇಲಿಯ ಪ್ರಾಂತದಲ್ಲಿ ಜನಿಸಿ, ಎಳೆಯ ವಯಸ್ಸಿನಲ್ಲಿಯೇ ಕಡಲು ದಾಟಿ, ಸೇಂಟ್ ಲೂಯಿಸ್ ನಗರದಲ್ಲಿ ದಿನಸಿ ಅಂಗಡಿಯನ್ನೂ ಪಾನಗೃಹವನ್ನೂ ನಡೆಸುತ್ತಿದ್ದ ವ್ಯಾಪಾರಿ ಈತ. ಬೇಸ್‌ಬಾಲಿನ ಗಂಧವೇ ಇರಲಿಲ್ಲ. ಸಮೀಪದ ಮೈದಾನದಲ್ಲಿ ಆಟ ನಡೆದ ದಿನ ತನ್ನ ಅಂಗಡಿಗೆ ಜನ ಮುಗಿಬೀಳುವುದನ್ನು ಮಾತ್ರ ಕಂಡಿದ್ದ. ಅಷ್ಟೇ ಅವನ ಕ್ರೀಡಾಶಾಸ್ತ್ರ!

ಆ ಕಾಲದಲ್ಲಿ ಆಟದ ಒಡೆತನ ಮರ್ಯಾದಸ್ಥರ ಕೈಯಲ್ಲಿತ್ತು. ನ್ಯಾಷನಲ್ ಲೀಗ್ ಎಂಬ ಒಕ್ಕೂಟದಲ್ಲಿ ಪ್ರವೇಶಕ್ಕೆ ಅರ್ಧ ಡಾಲರು, ಭಾನುವಾರ ಆಟವಿಲ್ಲ, ಮೈದಾನದಲ್ಲಿ ಬಿಯರು ನಿಷಿದ್ಧ. ಈ ಕಟ್ಟಳೆಗೆ ಒಪ್ಪದ ಸಿನ್ಸಿನಾಟಿ ತಂಡವನ್ನು 1880ರಲ್ಲಿ ಹೊರಗಟ್ಟಿದ್ದರು. ವಾರದಲ್ಲಿ ಆರು ದಿನ ದುಡಿಯುವ ಕೂಲಿಕಾರನಿಗೆ ಇದ್ದ ಬಿಡುವು ಭಾನುವಾರವೊಂದೇ. ಆ ದಿನವೇ ಬಾಗಿಲು ಮುಚ್ಚಿದರೆ ಅವನು ಆಟ ನೋಡುವುದೆಂದು? ವಾನ್ ಡರ್ ಆಹೆಯೂ ಅವನಂತಹ ಕೆಲವರೂ ಸೇರಿ 1882ರಿಂದ ನಡೆಸಿದ ಅಮೆರಿಕನ್ ಅಸೋಸಿಯೇಷನ್ನಿನಲ್ಲಿ ಕಾಲು ಡಾಲರಿಗೆ ಪ್ರವೇಶ ದೊರೆಯಿತು. ಊರೂರಿನ ಕಾನೂನು ಬಿಟ್ಟಲ್ಲಿ ಭಾನುವಾರದ ಆಟವೂ ಬಿಯರೂ ದೊರೆತವು. ಉದ್ದೇಶ ಲಾಭವೇ, ಸಂದೇಹವಿಲ್ಲ. ಆದರೂ ನೀತಿವಂತರು ಮುಚ್ಚಿದ್ದ ಬಾಗಿಲನ್ನು ತೆರೆದವನು ಸುರೆ ಮಾರುವವನೆಂಬುದು ವಿಚಾರಾರ್ಹ.

ಆತನ 'ಬ್ರೌನ್ಸ್' ತಂಡ ಚಾರ್ಲ್ಸ್ ಕಮಿಸ್ಕಿಯ ನಾಯಕತ್ವದಲ್ಲಿ 1885ರಿಂದ 1888ರವರೆಗೆ ಸತತವಾಗಿ ನಾಲ್ಕು ಬಾರಿ ಒಕ್ಕೂಟದ ಅಗ್ರಪದವನ್ನು ಪಡೆಯಿತು. 1886ರಲ್ಲಿ ನ್ಯಾಷನಲ್ ಲೀಗಿನ ಹೆಮ್ಮೆಯಾಗಿದ್ದ ಷಿಕಾಗೋ ತಂಡವನ್ನೂ ಮಣಿಸಿತು. ಒಡೆಯನ ವೈಭವವನ್ನು ಕೇಳಬೇಕೆ? ತನ್ನದೇ ಆಳೆತ್ತರದ ಪ್ರತಿಮೆಯನ್ನು ಮಾಡಿಸಿಕೊಂಡ. ಬೇಸ್‌ಬಾಲಿನ ಅಂಗಳಕ್ಕೆ 'ವಜ್ರ'ವೆಂದು ಹೆಸರು. ಜಗತ್ತಿನಲ್ಲೇ ದೊಡ್ಡ ವಜ್ರ ತನ್ನದೆಂದು ಆತ ಕೊಚ್ಚಿಕೊಂಡನಂತೆ. ಎಲ್ಲ ವಜ್ರಗಳೂ ಒಂದೇ ಅಳತೆಯವೆಂದು ಕಮಿಸ್ಕಿ ಕಿವಿಯಲ್ಲಿ ಹೇಳಬೇಕಾಯಿತೆಂದು ಕಥೆ. ಪತ್ರಿಕೆಯವರು ಆತನ ಜರ್ಮನ್ ಉಚ್ಚಾರಣೆಯ ಇಂಗ್ಲಿಷನ್ನು ಅಕ್ಷರಕ್ಷರವೂ ವಿಕೃತಗೊಳಿಸಿ ಅಚ್ಚು ಹಾಕುತ್ತಿದ್ದರು. ಭಾಷೆಯನ್ನು ಪಾಠ ಹೇಳುವ ನನಗೆ ಈ ವಿನೋದ ರುಚಿಸದು. ನಾಲಗೆ ತೊಡರಿದವನ ಬುದ್ಧಿಯೂ ತೊಡರಿದೆಯೆಂದು ತಿಳಿಯುವುದು ಪಂಡಿತರ ಹಳೆಯ ರೋಗ.

ಪತನವೂ ಅಷ್ಟೇ ವೇಗದ್ದು. 1890ರಲ್ಲಿ ಆಟಗಾರರು ತಮ್ಮದೇ ಪ್ರತ್ಯೇಕ ಒಕ್ಕೂಟವನ್ನು ಕಟ್ಟಿದಾಗ ಕಮಿಸ್ಕಿಯೂ ಹೊರಟುಹೋದ. 1891ರ ಬಳಿಕ ಅಸೋಸಿಯೇಷನ್ ಅಳಿಯಿತು. ಬ್ರೌನ್ಸ್ ತಂಡ ಹಳೆಯ ವೈರಿಯ ಲೀಗಿನಲ್ಲಿಯೇ ಆಶ್ರಯ ಪಡೆಯಬೇಕಾಯಿತು. ಅಲ್ಲಿ 1897ರಲ್ಲಿ ಅದು ಗೆದ್ದದ್ದು 29 ಆಟ, ಸೋತದ್ದು 102. ಜನರನ್ನು ಸೆಳೆಯಲು ಮೈದಾನದಲ್ಲಿ ಕುದುರೆ ಜೂಜನ್ನೂ ನೀರಿನ ಜಾರುಬಂಡಿಯನ್ನೂ ಏರ್ಪಡಿಸಿದ. 1898ರ ಫೆಬ್ರವರಿಯಲ್ಲಿ ಹಳೆಯ ವ್ಯಾಜ್ಯವೊಂದರ ಹಣಕ್ಕಾಗಿ ಪತ್ತೇದಾರರು ಆತನನ್ನು ಉಪಾಯದಿಂದ ಹಿಡಿದು ಪಿಟ್ಸ್‌ಬರ್ಗಿಗೆ ಸಾಗಿಸಿದರು. ಏಪ್ರಿಲಿನಲ್ಲಿ ಆಟ ನಡೆಯುತ್ತಿದ್ದಂತೆಯೇ ಪ್ರೇಕ್ಷಕರ ಮಂಟಪ ಹೊತ್ತಿ ಉರಿಯಿತು. ಗಾಯಗೊಂಡವರು ನ್ಯಾಯಾಲಯಕ್ಕೆ ಹೋದರು. ಮರುವರ್ಷ ತಂಡ ಹರಾಜಾಯಿತು.

ಅನಂತರ ಆತ ಮತ್ತೆ ಪಾನಗೃಹದ ಕಟ್ಟೆಯ ಹಿಂದೆಯೇ ನಿಂತ. 1908ರಲ್ಲಿ ಆತನ ಸಹಾಯಾರ್ಥವಾಗಿ ಆಟವೊಂದನ್ನು ಏರ್ಪಡಿಸಬೇಕಾಯಿತೆಂದರೆ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. 1913ರ ಜೂನ್ 5ರಂದು ಯಕೃತ್ತಿನ ವ್ಯಾಧಿಯಿಂದ ತೀರಿಕೊಂಡ. ಬೆಲ್‌ಫಾಂಟೇನ್ ಸ್ಮಶಾನದಲ್ಲಿ, ಸಿರಿಯ ದಿನಗಳಲ್ಲಿ ಮಾಡಿಸಿಕೊಂಡಿದ್ದ ಆ ಪ್ರತಿಮೆಯೇ ಸಮಾಧಿಯ ಮೇಲೆ ನಿಂತಿದೆ.

ಆತನ ತಂಡ 1900ರಿಂದ 'ಕಾರ್ಡಿನಲ್ಸ್' ಎನಿಸಿಕೊಂಡು ಈಗಲೂ ಸೇಂಟ್ ಲೂಯಿಸ್‌ನಲ್ಲಿದೆ, ಭಾನುವಾರಗಳಂದೂ ಆಡುತ್ತದೆ. ಅದರ ಕ್ರೀಡಾಂಗಣಕ್ಕೆ ಇಟ್ಟಿರುವುದು ಬುಷ್ ಎಂಬ ಬಿಯರು ತಯಾರಕರ ಹೆಸರನ್ನು.