ನವಿಲುಕಣ್ಣಿನ ಪತಂಗ

ಯೂರೋಪಿನ ಪತಂಗಗಳಲ್ಲೆಲ್ಲ ದೊಡ್ಡದು ನವಿಲುಕಣ್ಣಿನ ಪತಂಗ. ಆ ಖಂಡದ ದಕ್ಷಿಣ ಭಾಗದ ಹಣ್ಣಿನ ತೋಟಗಳಲ್ಲಿ ಇದರ ವಾಸ. ರೆಕ್ಕೆ ಬಿಚ್ಚಿದರೆ ಸುಮಾರು 15 ಸೆಂಟಿಮೀಟರ್ ಅಗಲ. ನಾಲ್ಕು ರೆಕ್ಕೆಗಳ ಮೇಲೂ ನವಿಲುಗರಿಯ ಕಣ್ಣನ್ನು ಹೋಲುವ ಒಂದೊಂದು ಗುರುತು. ಇಷ್ಟು ವೈಭವದ ಈ ಜೀವಿಗೆ ಉಣ್ಣಲು ಬಾಯಿಯೇ ಇಲ್ಲ!

ಉಣ್ಣುವ ಕೆಲಸವನ್ನೆಲ್ಲ ಅದು ಹುಳುವಾಗಿದ್ದಾಗಲೇ ಮುಗಿಸಿರುತ್ತದೆ. ಮೊಟ್ಟೆಯೊಡೆದು ಬಂದಾಗ ಮರಿಯ ಬಣ್ಣ ಕಪ್ಪು. ಬಾದಾಮಿ, ಮರಸೇಬು ಮೊದಲಾದ ಮರಗಳ ಎಲೆಗಳನ್ನು ಮೇಯುತ್ತ, ಹಲವು ಸಲ ಪೊರೆ ಕಳಚುತ್ತ ಅದು ಹಸುರು ಬಣ್ಣ ತಳೆಯುತ್ತದೆ. ಮೈಮೇಲೆ ನೀಲಮಣಿಗಳನ್ನು ಸಾಲಾಗಿ ಕೂರಿಸಿದಂತೆ ಗುಬುಟುಗಳು ಮೂಡುತ್ತವೆ. ಬಳಿಕ ಕಂದುಬಣ್ಣದ ಒರಟು ಗೂಡನ್ನು ನೇಯ್ದು ಅದರೊಳಗೆ ಕೋಶವಾಗಿ ಚಳಿಗಾಲವನ್ನು ಕಳೆಯುತ್ತದೆ. ಕೆಲವು ಕೋಶಗಳು ಎರಡನೆಯ ಚಳಿಗಾಲವನ್ನೂ ಹಾಗೆಯೇ ಕಳೆಯುವುದುಂಟು.

ಗೂಡಿನ ರಚನೆ ಗಮನಿಸತಕ್ಕದ್ದು. ಅದರ ಒಂದು ತುದಿಯಲ್ಲಿ ಬಿರುಸಾದ ಎಳೆಗಳು ಹೊರಮುಖವಾಗಿ ಬಾಗಿ ಒಂದೆಡೆ ಕೂಡಿರುತ್ತವೆ. ಮೀನು ಹಿಡಿಯುವ ಕೂಣಿಯೊಳಗೆ ಹೋಗುವುದು ಸುಲಭ, ಹೊರಬರುವುದು ಕಷ್ಟ. ಇಲ್ಲಿ ಅದಕ್ಕೆ ತದ್ವಿರುದ್ಧ: ಒಳಗಿನ ಪತಂಗಕ್ಕೆ ದಾರಿಯುಂಟು, ಹೊರಗಿನ ಶತ್ರುವಿಗೆ ಇಲ್ಲ.

ವಸಂತದಲ್ಲಿ ಹೊರಬಂದ ಪತಂಗಕ್ಕೆ ಉಳಿದಿರುವುದು ಕೆಲವೇ ದಿನಗಳ ಆಯುಸ್ಸು. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬು ಕರಗುವುದರೊಳಗೆ, ರಾತ್ರಿಯ ಕತ್ತಲಲ್ಲಿ, ಗಂಡು ತನ್ನ ಹೆಣ್ಣನ್ನು ಹುಡುಕಬೇಕು. ಹುಡುಕುವ ಬಗೆ ಹೇಗೆ?

ಫ್ರಾನ್ಸಿನ ಸೆರಿನ್ಯಾನ್ ಗ್ರಾಮದಲ್ಲಿ ನೆಲಸಿದ್ದ ಕೀಟಶಾಸ್ತ್ರಜ್ಞ ಜಾನ್ ಆನ್ರಿ ಫಾಬ್ರ್ (1823–1915) ಇದನ್ನು ಪರೀಕ್ಷಿಸಿದನು. ಆಗತಾನೆ ಹುಟ್ಟಿದ ಹೆಣ್ಣೊಂದನ್ನು ತಂತಿಬಲೆಯ ಗೂಡೆಯಲ್ಲಿ ಇರಿಸಿದನು. ಆ ರಾತ್ರಿಯೇ ಸುಮಾರು 40 ಗಂಡುಗಳು ಮನೆಗೆ ನುಗ್ಗಿದವು! ಹೆಣ್ಣನ್ನು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟಾಗ ಒಂದೂ ಬರಲಿಲ್ಲ. ಪೆಟ್ಟಿಗೆಯಲ್ಲಿ ಸ್ವಲ್ಪ ಸಂದಿದ್ದರೆ ಸಾಕು, ಬಂದವು. ಮನುಷ್ಯನ ಮೂಗಿಗೆ ಅಲ್ಲಿ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಆದುದರಿಂದ ಆ ಜಾಣನೂ ಇದು ಬರಿಯ ವಾಸನೆಯೆಂದು ಒಪ್ಪಲು ಹಿಂಜರಿದನು.

ಸಂದೇಹ ಪರಿಹಾರವಾಗಲು ಈ ಪತಂಗದ ದೂರದ ನಂಟನಾದ ಹಿಪ್ಪುನೇರಳೆಯ ರೇಷ್ಮೆಹುಳು ನೆರವಾಯಿತು. ಕರ್ನಾಟಕದ ರೈತರು ಸಾಕುವುದೂ ಇದನ್ನೇ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಸಂಗಡಿಗರು ಸುಮಾರು 5 ಲಕ್ಷ ಹೆಣ್ಣು ರೇಷ್ಮೆಪತಂಗಗಳ ಗ್ರಂಥಿಗಳಿಂದ, ಗಂಡನ್ನು ಸೆಳೆಯುವ ರಾಸಾಯನಿಕವನ್ನು ಬೇರ್ಪಡಿಸಿ 1959ರಲ್ಲಿ ಪ್ರಕಟಿಸಿದರು. ಅದಕ್ಕೆ ಬಾಂಬಿಕಾಲ್ ಎಂದು ಹೆಸರು. ಗಾಳಿಯಲ್ಲಿ ತೇಲಿಬರುವ ಇಂತಹ ಅತ್ಯಲ್ಪ ಕಣಗಳನ್ನು ಗಂಡಿನ ಗರಿಯಂತಹ ಕುಡಿಮೀಸೆಗಳು ಗ್ರಹಿಸುತ್ತವೆ.

ಕೂಡಿದ ಬಳಿಕ ಹೆಣ್ಣು ಮರದ ಮೇಲೆ ಮೊಟ್ಟೆಯಿಡುತ್ತದೆ. ಮರಿಗಳು ಹೊರಬರುವ ವೇಳೆಗೆ ತಾಯಿತಂದೆಗಳೆರಡೂ ಉಳಿದಿರುವುದಿಲ್ಲ.