ಲ್ಯಾಪ್‌ಟಾಪ್ ಬಿಚ್ಚಿದರೆ ಎಷ್ಟು ಗ್ರಾಂ ಇಳಿಯುತ್ತದೆ?

ಭಾಯಿಜಾನ್ ಕೆಲಸಕ್ಕೆ ಬೆಂಗಳೂರಿಗೆ ಹೋಗುವಾಗ ತಮ್ಮ ಹಳೆಯ ಲ್ಯಾಪ್‌ಟಾಪ್ ನನಗೆ ಕೊಟ್ಟು ಹೋದರು. ನಾನು ದಿನಾ ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಲ್ಲಿ ಬರುವವಳು. ಕಾಲೇಜು ಮುಗಿದ ಮೇಲೆ ಟ್ಯಾಲಿ ಕ್ಲಾಸ್. ಅಲ್ಲಿಗೆ ಅವರವರ ಲ್ಯಾಪ್‌ಟಾಪ್ ಅವರವರೇ ತರಬೇಕು. ಸಂಜೆ ವಾಪಸ್ ಹೋಗುವಾಗ ಗಬ್ಬೂರಿನವರೆಗೂ ನಿಂತೇ ಹೋಗುವುದು. ಎರಡು ವಾರದಲ್ಲಿ ಎಡ ಭುಜ ನೋಯತೊಡಗಿತು. "ಇಷ್ಟು ಭಾರ ಹೊರುವುದಾದರೆ ಟ್ಯಾಲಿನೇ ಬೇಡ ಬಿಡು" ಎಂದರು ಅಮ್ಮಿ. ನನಗೆ ಬಿಡಲು ಮನಸ್ಸಿರಲಿಲ್ಲ.

ಅಬ್ಬಾ ಅವರ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಲ್ಯಾಪ್‌ಟಾಪ್ 2,280 ಗ್ರಾಂ, ಚಾರ್ಜರ್ 360 ಗ್ರಾಂ. ಭಾನುವಾರ ಎರಡನ್ನೂ ಹೊತ್ತುಕೊಂಡು ಮಾನ್ವಿಗೆ ಹೋದೆ. ಅಲ್ಲಿ ನಮ್ಮ ಮಾಮು ಮೊಬೈಲ್ ರಿಪೇರಿ ಮಾಡುತ್ತಾರೆ.

ಮಾಮು ಮೊದಲು ಬ್ಯಾಟರಿ ತೆಗೆದರು. ಆಮೇಲೆ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಲು ಹೇಳಿದರು. ಒಳಗೆ ಉಳಿದ ಕರೆಂಟ್ ಹಾಗೆ ಖಾಲಿಯಾಗುತ್ತದಂತೆ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನು ಅದರ ಜಾಗದಲ್ಲೇ ಇಟ್ಟೆವು. ಸ್ಕ್ರೂಗಳ ಉದ್ದ ಬೇರೆ ಬೇರೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಒಳಗಿನ ಬೋರ್ಡಿಗೇ ಪೆಟ್ಟು.

ಡಿವಿಡಿ ಡ್ರೈವ್ ಒಂದೇ ಸ್ಕ್ರೂಗೆ ಹೊರಬಂತು, 150 ಗ್ರಾಂ. ಅದು ಇಲ್ಲದಿದ್ದರೆ ನಡೆಯುತ್ತದೆಯೇ ಎಂದು ಕೇಳಿದೆ. 2008ರಲ್ಲಿ ಬಂದ ಆಪಲ್ ಮ್ಯಾಕ್‌ಬುಕ್ ಏರ್‌ನಲ್ಲೇ ಡ್ರೈವ್ ಇರಲಿಲ್ಲ, ತೂಕ 1.36 ಕೆ.ಜಿ. ಮಾತ್ರ ಎಂದರು ಮಾಮು. ಖಾಲಿ ಜಾಗ ಹಾಗೇ ಬಿಟ್ಟರೆ ಕೈ ಊರುವ ಭಾಗ ಒಳಕ್ಕೆ ಬಾಗುತ್ತದೆ, ಧೂಳೂ ಸೇರುತ್ತದೆ. ಅದಕ್ಕೆ 15 ಗ್ರಾಮಿನ ಪ್ಲಾಸ್ಟಿಕ್ ತುಂಡು ಕೂಡಿಸಿದರು.

ಮುಂದಿನದು ಹಾರ್ಡ್ ಡಿಸ್ಕ್, 95 ಗ್ರಾಂ. ಅದರಲ್ಲಿದ್ದುದನ್ನೆಲ್ಲ ಕಾಪಿ ಮಾಡಿಕೊಂಡು, 40 ಗ್ರಾಮಿನ ಎಸ್‌ಎಸ್‌ಡಿ ಹಾಕಿದೆವು. ಬೆಲೆ 1,600 ರೂಪಾಯಿ. ಇಳಿದದ್ದು 55 ಗ್ರಾಂ, ಅಂದರೆ ಗ್ರಾಮಿಗೆ ಸುಮಾರು 29 ರೂಪಾಯಿ! ತೂಕಕ್ಕಾಗಿ ಮಾತ್ರ ಆಗಿದ್ದರೆ ಇದು ನಷ್ಟದ ವ್ಯಾಪಾರ. ಆದರೆ ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಜೋರಾದ ಪೆಟ್ಟು ಅದಕ್ಕೆ ಆಗದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ದಿನಾ ಬಸ್ಸಿನಲ್ಲಿ ಕುಲುಕಾಡುವ ಬ್ಯಾಗಿಗೆ ಅದೇ ಸರಿ.

ಫ್ಯಾನ್ ಮತ್ತು ತಾಮ್ರದ ಕೊಳವೆ ನೋಡಿ ನನಗೆ ಮತ್ತೆ ಆಸೆಯಾಯಿತು. "ಅದನ್ನು ಮುಟ್ಟಬೇಡ ಬೇಟಿ, ನಮ್ಮ ಕಡೆಯ ಬಿಸಿಲು ಗೊತ್ತಿಲ್ಲವೇ?" ಎಂದರು ಮಾಮು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಶಾಖ ಹೊರಹೋಗದಿದ್ದರೆ ಪ್ರೊಸೆಸರ್ ತಾನೇ ನಿಧಾನವಾಗುತ್ತದೆ, ಕೊನೆಗೆ ಲ್ಯಾಪ್‌ಟಾಪ್ ಬಂದ್ ಆಗುತ್ತದೆ. ಬ್ಯಾಟರಿಯಲ್ಲಿ ಆರು ಸೆಲ್ ಇವೆ, ಒಂದೊಂದು ಸುಮಾರು 45 ಗ್ರಾಂ. ಎರಡು ಕಡಿಮೆ ಮಾಡಬಹುದಲ್ಲ ಎಂದದ್ದಕ್ಕೆ ಬೈಗುಳವೇ ಸಿಕ್ಕಿತು. ಲಿಥಿಯಂ ಸೆಲ್‌ಗೆ ತೂತು ಬಿದ್ದರೆ ಅಥವಾ ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ. ದಯವಿಟ್ಟು ಯಾರೂ ಬ್ಯಾಟರಿ ಬಿಚ್ಚಬೇಡಿ.

ಇಷ್ಟೆಲ್ಲ ಬಿಚ್ಚಿ ಇಳಿದದ್ದು 190 ಗ್ರಾಂ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಆಗ ಮಾಮು ಚಾರ್ಜರ್ ಕಡೆ ಬೆರಳು ತೋರಿಸಿದರು. ಕ್ಲಾಸ್ ಒಂದೂವರೆ ಗಂಟೆ, ಬ್ಯಾಟರಿ ಎರಡು ಗಂಟೆ ಬರುತ್ತದೆ. ರಾತ್ರಿ ಮನೆಯಲ್ಲೇ ಚಾರ್ಜ್ ಮಾಡಿದರೆ ಸಾಕು. ಒಂದೂ ಸ್ಕ್ರೂ ಬಿಚ್ಚದೆ, ಪೈಸೆ ಖರ್ಚಿಲ್ಲದೆ 360 ಗ್ರಾಂ!

ಈಗ ಬ್ಯಾಗಿನಲ್ಲಿ 2,640ರ ಬದಲು 2,090 ಗ್ರಾಂ. ರಾತ್ರಿ ಕರೆಂಟ್ ಹೋದರೆ ಮಾತ್ರ ಮರುದಿನ ಚಾರ್ಜರ್ ಹೊರುತ್ತೇನೆ. ಟ್ಯಾಲಿ ಬಿಡು ಎಂದು ಅಮ್ಮಿ ಈಗ ಹೇಳುತ್ತಿಲ್ಲ. ಡಿವಿಡಿ ಡ್ರೈವ್ ಅಲಮಾರಿಯಲ್ಲಿದೆ. ಭಾಯಿಜಾನ್ ಈದ್‌ಗೆ ಬಂದಾಗ ಕೇಳಿದರೆ ಕೊಡಬೇಕಲ್ಲ.